ಅಲ್ಬೇನಿಯಾದವನು ಕಿತ್ತುಹಾಕಿದ ಅಧ್ಯಾಯ

ಆ ಕಾದಂಬರಿ ನನಗೆ ಸಿಕ್ಕಿದ್ದು ಹೈದರಾಬಾದಿನ ಆಬಿಡ್ಸ್‌ನಲ್ಲಿ. ಭಾನುವಾರ ಅಂಗಡಿಗಳು ಬಾಗಿಲು ಹಾಕಿರುತ್ತವೆ, ಅವುಗಳ ಮುಂದಿನ ಫುಟ್‌ಪಾತಿನ ಮೇಲೆ ಹಳೆಯ ಪುಸ್ತಕ ಮಾರುವವರು ತಾಡಪತ್ರಿ ಹಾಸಿ ಕೂರುತ್ತಾರೆ. ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಯ ಗೈಡುಗಳ ಅಡಿಯಲ್ಲಿ ಅದು ಸಿಕ್ಕಿಕೊಂಡಿತ್ತು. ತೆಳ್ಳಗಿನ ಪುಸ್ತಕ, ಅಲ್ಬೇನಿಯಾದ ಲೇಖಕ, ಇಂಗ್ಲಿಷ್ ಅನುವಾದ. ಇಟಲಿಯ ಎದುರು ದಂಡೆಯ ಒಂದು ಸಣ್ಣ ದೇಶ ಎಂಬುದರ ಹೊರತು ಅಲ್ಬೇನಿಯಾದ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ನಾನು ಹಾಳೆ ತಿರುವುತ್ತ ನಿಂತದ್ದು ನೋಡಿ ಅಂಗಡಿಯವನು, "ಲೇ ಲೋ ಅಮ್ಮಾ, ಇಸ್ಕೂ ಕೋಯೀ ನೈ ಪೂಛ್ತಾ," ಎಂದ. ಯಾರೂ ಕೇಳದ ಪುಸ್ತಕವೆಂಬ ಕನಿಕರದಿಂದಲೇ ತಂದೆ.

ನಾನು ಆಗ ಸಿಕಂದರಾಬಾದಿನ ಒಂದು ಖಾಸಗಿ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಯಜಮಾನರು ರೈಲ್ವೆಯಿಂದ ನಿವೃತ್ತರಾಗಿದ್ದರು. ಮಲ್ಕಾಜ್‌ಗಿರಿ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ನಮ್ಮ ಮನೆ. ರಾಯಚೂರು ಬಿಟ್ಟು ಬಂದು ಮೂವತ್ತು ವರ್ಷವಾಗುತ್ತ ಬಂದಿತ್ತು. ಹೊರಗೆ ತೆಲುಗು, ಕಾಲೇಜಿನಲ್ಲಿ ಇಂಗ್ಲಿಷ್, ತರಕಾರಿಯವನೊಂದಿಗೆ ಹಿಂದಿ. ಕನ್ನಡ ಬಾಯಲ್ಲಿ ಒಣಗಿಹೋಗಬಾರದೆಂದು ತಿಂಗಳಿಗೊಂದು ಭಾನುವಾರ ನಮ್ಮ ಮನೆಯಲ್ಲಿ ಕೆಲವರು ಸೇರಿ ಏನಾದರೂ ಓದುತ್ತಿದ್ದೆವು. ಅಲ್ಲಿ ಓದಿ ತೋರಿಸಲೆಂದೇ ನಾನು ಆ ಕಾದಂಬರಿಯನ್ನು ಕನ್ನಡಕ್ಕೆ ತರಲು ಶುರುಮಾಡಿದೆ.

ಕಥೆ ಒಂದು ಬೆಟ್ಟದೂರಿನದು. ಅಲ್ಲಿ ಕ್ರೋಮಿಯಂ ಅದಿರಿನ ಗಣಿ. ಒಂದು ಮಧ್ಯಾಹ್ನ ಸುರಂಗ ಕುಸಿಯುತ್ತದೆ. ಊರಿನ ಹೆಂಗಸರೆಲ್ಲ ಗಣಿಯ ಬಾಯಿಗೆ ಬಂದು ನಿಲ್ಲುತ್ತಾರೆ. ಕಚೇರಿಯವನೊಬ್ಬ ಬೆಂಚಿನ ಮೇಲೆ ಹತ್ತಿ, ಬದುಕಿ ಹೊರಬಂದವರ ಹೆಸರು ಕೂಗುತ್ತಾನೆ. ಗಂಡನ ಹೆಸರು ಬಾರದ ಹೆಂಗಸೊಬ್ಬಳು ಅಳುವುದಿಲ್ಲ. ಅವನ ಊಟದ ಡಬ್ಬಿ ಎಲ್ಲಿದೆ ಎಂದು ಕೇಳುತ್ತಾಳೆ. ನಾಳೆಯಿಂದ ಮಗ ಇಳಿಯಬೇಕು, ಮನೆಯಲ್ಲಿ ಬೇರೆ ಡಬ್ಬಿ ಇಲ್ಲ. ಆ ಪುಟ ಓದಿದ ದಿನ ನಾನು ಅನ್ನಕ್ಕಿಟ್ಟು ಮರೆತು, ಪಾತ್ರೆ ಸೀದು ಕಪ್ಪಾಗಿತ್ತು.

ಈ ಅನುವಾದದಲ್ಲಿ ನನಗೆ ನೆರವಾದವನು ನಮ್ಮ ಗುಂಪಿನ ಒಬ್ಬ ಗೆಳೆಯ. ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವನು, ಲಿಂಗಸುಗೂರಿನ ಕಡೆಯವನು. ನಾನು ಅವನನ್ನು ತಮ್ಮಾ ಎನ್ನುತ್ತಿದ್ದೆ, ಅವನು ನನ್ನನ್ನು ಅಕ್ಕಾರ ಎನ್ನುತ್ತಿದ್ದ. ಜೀಡಿಮೆಟ್ಲಾದ ಒಂದು ಔಷಧ ಕಾರ್ಖಾನೆಯಲ್ಲಿ ಅವನು ಪಾಳಿಯ ಉಸ್ತುವಾರಿ. ಎಷ್ಟು ಸೋಪು ಹಚ್ಚಿ ತೊಳೆದುಕೊಂಡು ಬಂದರೂ ಅವನ ಅಂಗಿಯಿಂದ ನೇಲ್ ಪಾಲಿಶ್‌ನಂಥ ವಾಸನೆ ಬರುತ್ತಿತ್ತು. ಅವನ ತಂದೆ ನಮ್ಮ ಕಡೆಯ ಚಿನ್ನದ ಗಣಿಯಲ್ಲಿ ಆಳದಲ್ಲಿ ದುಡಿದವರು. "ನಮ್ಮನ್ಯಾಗ ಅಪ್ಪ ಕೆಲಸಕ್ಕ ಹೋಗ್ಯಾನ ಅಂತಿದ್ದಿಲ್ರಿ ಅಕ್ಕಾರ. ಇಳದಾನ ಅಂತಿದ್ರು. ಏರ್ಯಾನೇನು ಅಂತ ಕೇಳ್ತಿದ್ರು," ಎಂದು ಅವನೇ ಹೇಳಿದ. ಅನುವಾದದ ಉದ್ದಕ್ಕೂ ನಾನು ಆ ಎರಡು ಮಾತುಗಳನ್ನೇ ಬಳಸಿದೆ. ನನ್ನ ಕಾಲೇಜಿನ ಕನ್ನಡ ಆ ಬೆಟ್ಟದೂರಿಗೆ ಹತ್ತಿರ ಹೋದದ್ದು ಹಾಗೆ.

ಡಬ್ಬಿಯ ಪ್ರಸಂಗವನ್ನು ಗುಂಪಿನಲ್ಲಿ ಓದಿದ ಭಾನುವಾರ ಅವನು ಮಧ್ಯದಲ್ಲೇ ಎದ್ದುಹೋಗಿ ಬಾಲ್ಕನಿಯಲ್ಲಿ ನಿಂತ. ಕೆಳಗೆ ಗೂಡ್ಸ್ ಗಾಡಿಯೊಂದು ಹಾದುಹೋಗುವ ತನಕ ಒಳಗೆ ಬರಲಿಲ್ಲ. ಬಂದವನು, "ಇಂವ ಗಣ್ಯಾಗ ಇಳದು ನೋಡ್ದಾಂವನ ಇರಬೇಕ್ರಿ. ಹೊರಗ ನಿಂತಾಂವಗ ಇದು ಬರಿಯಾಕ ಆಗಂಗಿಲ್ಲ," ಎಂದ.

ಅಲ್ಲಿಂದ ಮುಂದೆ ನನಗಿಂತ ಹೆಚ್ಚಾಗಿ ಅವನಿಗೇ ಆ ಪುಸ್ತಕದ ಹುಚ್ಚು. ಎಷ್ಟಾಯಿತು ಎಂದು ಫೋನು ಮಾಡುತ್ತಿದ್ದ. ಪಾಳಿ ಮುಗಿಸಿ ನಿದ್ದೆಗಣ್ಣಿನಲ್ಲೇ ಬಂದು, ಹೊಸದಾಗಿ ಅನುವಾದಿಸಿದ ಪುಟಗಳನ್ನು ಗಟ್ಟಿಯಾಗಿ ಓದಿಸಿಕೊಂಡು ಹೋಗುತ್ತಿದ್ದ.

ಅನುವಾದದ ಮೊದಲ ಕರಡು ಮುಗಿದ ಬೇಸಿಗೆಯಲ್ಲಿ ಅವನ ಕಾರ್ಖಾನೆಯಲ್ಲಿ ರಾಸಾಯನಿಕ ಬೇಯಿಸುವ ರಿಯಾಕ್ಟರ್ ಒಡೆಯಿತು. ತೆಲುಗು ಚಾನೆಲ್ಲಿನಲ್ಲಿ ಕಪ್ಪು ಹೊಗೆ ಕಾಣಿಸುತ್ತಿತ್ತು. ಗೇಟಿನ ಹೊರಗೆ ಜನ ಕೂಗಾಡುತ್ತಿದ್ದರು. ನಾನು ಅವನಿಗೆ ಫೋನು ಮಾಡಿದೆ. ಅವನ ಹೆಂಡತಿ ಎತ್ತಿಕೊಂಡು, "ಅವರು ಉಳದಾರ್ರಿ ಅಕ್ಕಾರ," ಎಂದಷ್ಟೇ ಹೇಳಿ ಅಳತೊಡಗಿದಳು. ಮೂವರು ಸತ್ತಿದ್ದರು. ಅವರಲ್ಲೊಬ್ಬ ಯಾದಗಿರಿ ಕಡೆಯ ಹುಡುಗ, ರಿಯಾಕ್ಟರ್ ನಡೆಸುವ ಆಪರೇಟರ್. ನಮ್ಮ ಕನ್ನಡದವನು ಎಂದು ಗೆಳೆಯನೇ ಮುಂದೆ ನಿಂತು ಅವನಿಗೆ ಆ ಕೆಲಸ ಕೊಡಿಸಿದ್ದ.

ಗೆಳೆಯನ ಎಡಗೈಗೆ ಸುಟ್ಟಗಾಯವಾಗಿತ್ತು. ನಾವು ನೋಡಲು ಹೋದಾಗ ಹೆಚ್ಚು ಮಾತಾಡಲಿಲ್ಲ. ಮುಂದಿನ ಎರಡು ತಿಂಗಳು ಭಾನುವಾರದ ಓದಿಗೆ ಬರಲಿಲ್ಲ. ಕೈ ಮಾಯಲಿ, ಮನಸ್ಸು ತಿಳಿಯಾಗಲಿ ಎಂದು ನಾನೂ ಕರೆಯಲಿಲ್ಲ.

ಅವನು ಮತ್ತೆ ಬಂದ ದಿನವೇ ಆ ಲೇಖಕನ ವಿಚಾರ ಹೊರಬಿತ್ತು. ಹೊರಗೆಳೆದವಳು ನಮ್ಮ ಗುಂಪಿನ ಅತ್ಯಂತ ಕಿರಿಯಳು, ಮೈಸೂರಿನ ಹುಡುಗಿ. ಗಚ್ಚಿಬೌಲಿಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಅಷ್ಟು ದೂರದಿಂದ ಮೆಟ್ರೋ, ಆಟೋ ಬದಲಿಸುತ್ತ ಬರುತ್ತಿದ್ದಳು. ಓದಿದ್ದನ್ನು ಸುಮ್ಮನೆ ಬಿಡುವವಳಲ್ಲ. ಲೇಖಕನ ಹಿಂದೆ ಮುಂದೆ ಎಲ್ಲ ಜಾಲಾಡುತ್ತಿದ್ದಳು.

"ಆಂಟಿ, ನಿಮ್ಮ ಅಲ್ಬೇನಿಯಾ ಲೇಖಕರ ಬಗ್ಗೆ ಓದ್ದೆ. ನಿಮ್ಗೆ ಇಷ್ಟ ಆಗಲ್ಲ," ಎಂದು ಶುರುಮಾಡಿದಳು.

ಅವಳು ಹೇಳಿದ್ದು ಇಷ್ಟು. ಗಣಿ ಕುಸಿದದ್ದು ನಿಜವಾಗಿ ನಡೆದ ಘಟನೆ. ಅದು ಸರ್ವಾಧಿಕಾರಿಯ ಕಾಲ. ಸುರಂಗಕ್ಕೆ ಆಧಾರ ಕೊಡುವ ತೊಲೆಗಳನ್ನು ಸರ್ಕಾರ ಸಮಯಕ್ಕೆ ಒದಗಿಸಿರಲಿಲ್ಲ. ಅದನ್ನು ಒಪ್ಪಿಕೊಳ್ಳುವ ಬದಲು, ಗಣಿಯ ಎಂಜಿನಿಯರನೇ ದೇಶದ್ರೋಹ ಮಾಡಿ ಕುಸಿಯುವಂತೆ ಮಾಡಿದ ಎಂದರು. ಆ ಎಂಜಿನಿಯರ್ ಈ ಲೇಖಕನ ಆಪ್ತ ಗೆಳೆಯ. ಲೇಖಕನನ್ನು ಗಣಿಯೊಳಗೆ ಕರೆದೊಯ್ದು ತೋರಿಸಿದವನೂ, ಹೆಂಗಸರ ಕಥೆ ಹೇಳಿದವನೂ ಅವನೇ. ಸರ್ಕಾರದ ಲೇಖಕರ ಸಂಘದಲ್ಲಿ ಹುದ್ದೆಯಲ್ಲಿದ್ದ ಲೇಖಕ ನ್ಯಾಯಾಲಯದಲ್ಲಿ ನಿಂತು, ತನ್ನ ಗೆಳೆಯ ಮನೆಯಲ್ಲಿ ಪರದೇಶದ ರೇಡಿಯೋ ಕೇಳುತ್ತಿದ್ದ, ಈ ಗಣಿ ಮುಚ್ಚಿದರೆ ಒಳ್ಳೆಯದು ಎನ್ನುತ್ತಿದ್ದ ಎಂದು ಸಾಕ್ಷಿ ಹೇಳಿದ. ಎಂಜಿನಿಯರನನ್ನು ಗುಂಡಿಟ್ಟು ಕೊಂದರು. ಹೆಂಡತಿ ಮಕ್ಕಳನ್ನು ಜೌಗು ನೆಲದ ಕೂಲಿಗೆ ಅಟ್ಟಿದರು. ಆಮೇಲೆ ಬಂತು ಕಾದಂಬರಿ, ಅದಕ್ಕೆ ಸರ್ಕಾರದ ಬಹುಮಾನ.

"ಇನ್ನೊಂದಿದೆ ಆಂಟಿ. ಒರಿಜಿನಲ್‌ನಲ್ಲಿ ಕೊನೇಲಿ ಒಂದು ಅಧ್ಯಾಯ ಜಾಸ್ತಿ ಇತ್ತಂತೆ. ಅದ್ರಲ್ಲಿ ಎಂಜಿನಿಯರ್ ದ್ರೋಹಿ ಅಂತ ಬಯಲಾಗುತ್ತೆ. ಸರ್ಕಾರ ಬಿದ್ದ ಮೇಲೆ ಲೇಖಕರೇ ಅದನ್ನ ತೆಗೆದ್ಹಾಕಿ ಹೊಸದಾಗಿ ಅಚ್ಚು ಹಾಕಿಸಿದ್ರು. ಇಂಗ್ಲಿಷಿಗೆ ಬಂದಿರೋದು ಅದು. ತುಂಬಾ ವಯಸ್ಸಾಗಿ ಸತ್ರು. ಸಾಯೋವರೆಗೂ ಅದ್ರ ಬಗ್ಗೆ ಒಂದು ಮಾತೂ ಆಡ್ಲಿಲ್ಲ."

ನಿವೃತ್ತ ಸ್ಟೇಷನ್ ಮಾಸ್ತರರೊಬ್ಬರು ಗಂಟಲು ಸರಿಪಡಿಸಿಕೊಂಡು, "ಕಥಿ ಬ್ಯಾರೆ, ಬರದ ಮನಷ್ಯಾ ಬ್ಯಾರೆ. ಗೊಬ್ಬರ ನೋಡಿ ಯಾರೂ ಹೂವು ಮುಡಿಯೂದು ಬಿಡಂಗಿಲ್ಲ," ಎಂದರು. ನಾನು ಆ ಮಾತನ್ನೇ ಹಿಡಿದುಕೊಂಡೆ. ಅಂಥ ರಾಜ್ಯದಲ್ಲಿ ಸಾಕ್ಷಿ ಹೇಳಲಾರೆ ಎಂದರೆ ಅವನ ಹೆಂಡತಿ ಮಕ್ಕಳೂ ಅದೇ ಜೌಗಿಗೆ ಹೋಗುತ್ತಿದ್ದರು, ಇಲ್ಲಿ ಚಹಾ ಕುಡಿಯುತ್ತ ಕೂತವರಿಗೆ ಅವನನ್ನು ತೂಗುವ ಹಕ್ಕು ಎಲ್ಲಿಂದ ಬಂತು, ಕಡೆಗೆ ಉಳಿಯುವುದು ಪುಸ್ತಕ ತಾನೆ ಎಂದೆಲ್ಲ ಹೇಳಿದೆ. ತರಗತಿಯಲ್ಲಿ ಪಾಠ ಮಾಡಿ ಪಳಗಿದ ಬಾಯಿ, ಮಾತು ಸಲೀಸಾಗಿ ಬಂತು.

ಹುಡುಗಿ ನನ್ನನ್ನೇ ನೋಡುತ್ತಿದ್ದಳು. "ಇದನ್ನೇ ಆ ಎಂಜಿನಿಯರ್ ಹೆಂಡ್ತಿ ಮುಂದೆ ಹೇಳ್ತೀರಾ ಆಂಟಿ?"

ಅಷ್ಟರಲ್ಲಿ ಗೆಳೆಯ ಎದ್ದು ನಿಂತ. ಮುಖ ಬೂದಿ ಬಳಿದಂತಾಗಿತ್ತು. "ಸುಟ್ಟ ಹಾಕ್ರಿ ಅಕ್ಕಾರ ಅದನ್ನ. ನಿಮ್ಮ ಕನ್ನಡದ್ದೂ ಸುಡ್ರಿ. ಅಂಥಾವನ ಪುಸ್ತಕ ನಮಗ್ಯಾಕ ಬೇಕಾಗೇತಿ?" ಎಂದವನೇ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಅವನು ದನಿ ಏರಿಸಿದ್ದನ್ನು ಅಲ್ಲಿಯವರೆಗೆ ನಾವು ಯಾರೂ ಕೇಳಿರಲಿಲ್ಲ. ನಮ್ಮೆಲ್ಲರಿಗಿಂತ ಆ ಪುಸ್ತಕವನ್ನು ಪ್ರೀತಿಸಿದವನು ಅವನು. ಅಷ್ಟು ಪ್ರೀತಿಸಿದ್ದಕ್ಕೇ ಈ ಸಿಟ್ಟು ಎಂದು ಅಂದುಕೊಂಡೆ.

ಫೋನು ಮಾಡಿದರೆ ಎತ್ತಲಿಲ್ಲ. ವಾರ ಬಿಟ್ಟು ಚಿಂತಲ್‌ನಲ್ಲಿದ್ದ ಅವನ ಮನೆಗೆ ನಾನೇ ಹೋದೆ. ಬೆಳಗಿನ ಹೊತ್ತು. ಹೆಣ್ಣುಮಕ್ಕಳಿಬ್ಬರೂ ಶಾಲೆಗೆ ಹೋಗಿದ್ದರು. ಅವನ ಹೆಂಡತಿ ನೀರು ತಂದಿಟ್ಟು, "ನೀವರ ಕೇಳ್ರಿ ಅಕ್ಕಾರ. ಉಣ್ಣಂಗಿಲ್ಲ, ಮಲಗಂಗಿಲ್ಲ," ಎಂದು ಒಳಗೆ ಹೋದಳು. ಗೆಳೆಯ ಲುಂಗಿ ಉಟ್ಟು ಮಂಚದ ಮೇಲೆ ಕೂತಿದ್ದ. ಸುಟ್ಟಿದ್ದ ಕೈಯಲ್ಲಿ ಹೊಸ ಚರ್ಮ ಗುಲಾಬಿಯಾಗಿ ಹೊಳೆಯುತ್ತಿತ್ತು.

"ಆ ಹುಡುಗಿ ಮಾತಿಗೆ ಇಷ್ಟ್ಯಾಕ ನೊಂದ್ಕೊಂಡಿ ತಮ್ಮಾ? ಸತ್ತುಹೋದ ಯಾವನೋ ಪರದೇಶದವ," ಎಂದೆ.

ಅವನ ಬಾಯಿಂದ ಒಂದೊಂದೇ ಮಾತು ಹೊರಬಂತು.

"ಆ ಹುಡುಗ ನನಗ ಹೇಳಿದ್ದರಿ. ಸೇಫ್ಟಿ ವಾಲ್ವ್ ಹಿಡಕೊಂಡೈತಿ, ಪ್ರೆಶರ್ ಇಳೀವಲ್ದು ಸರ್ ಅಂದ. ನಾ ಮ್ಯಾನೇಜರ್‌ಗ ಹೇಳಿದೆ. ಈ ಬ್ಯಾಚ್ ಮುಗೀಲಿ, ಆಮ್ಯಾಲ ನೋಡೂಣು ಅಂದ್ರು. ನಾ ಬಂದು ಹುಡುಗಗ ನಡಸು ಅಂದೆ."

"ಅದರಾಗ ನಿಂದೇನು ತಪ್ಪು? ಮ್ಯಾನೇಜರ್ ಹೇಳಿದ..."

"ಮುಗಿಲಿಲ್ಲರಿ ಇನ್ನ," ಎಂದು ತಡೆದ. "ವಿಚಾರಣಿ ಬಂತು. ಅದಕಿಂತ ಮೊದಲ ಕಂಪನಿಯವರು ಕರದು ಕೂಡ್ರಿಸಿ ಹೇಳಿದ್ರು, ಕಾರ್ಖಾನಿ ಮುಚ್ಚಿದ್ರ ನಾನೂರು ಮನಿ ಬೀದಿಗೆ ಬೀಳ್ತಾವ, ನಿಂದೂ ಬೀಳ್ತೈತಿ ಅಂತ. ಸತ್ತಾಂವ ಎದ್ದು ಬರಂಗಿಲ್ಲ, ನೀ ಇದ್ದವರನ್ನ ನೋಡು ಅಂದ್ರು. ನಾ ಹೋಗಿ ಆಫೀಸರ್ ಮುಂದ ನಿಂತು ಹೇಳಿದೆ. ಅಂವ ನನ್ನ ಕೇಳದನ ರಿಯಾಕ್ಟರಿಗೆ ಸ್ಟೀಮ್ ಬಿಟ್ಟ ಅಂತ. ಒಂದ ಮಾತು. ಅಷ್ಟಕ್ಕ ಎಲ್ಲಾ ಅವನ ಮ್ಯಾಲ ಬಂತು. ಕುಡದು ಬಂದಿದ್ದ ಅಂತನೂ ಆಮ್ಯಾಲ ಅವರ ಸೇರಿಸ್ಕೊಂಡ್ರು. ಅಂವ ಒಂದಿನ ಕುಡದಾಂವಲ್ಲರಿ."

ಒಳಗೆ ಪಾತ್ರೆಯ ಸದ್ದು ನಿಂತಿತ್ತು. ಅವನ ಹೆಂಡತಿಯೂ ಇದನ್ನು ಮೊದಲ ಸಲ ಕೇಳುತ್ತಿದ್ದಳು ಎಂದು ಆಗ ಗೊತ್ತಾಯಿತು.

"ನಿಮ್ಮ ಅಲ್ಬೇನಿಯಾದಾಂವ ಕಡೀ ಅಧ್ಯಾಯ ಕಿತ್ತ್ ಒಗದ," ಎಂದ. "ನಾ ಯಾವ ಹಾಳಿ ಕಿತ್ತ್ ಒಗೀಲಿ, ಹೇಳ್ರಿ."

ಆ ಭಾನುವಾರ ಅಷ್ಟು ಸಲೀಸಾಗಿ ಆಡಿದ ಮಾತುಗಳೆಲ್ಲ ನನ್ನ ಹತ್ತಿರವೇ ಇದ್ದವು. ಅವನಿಗೂ ಹೆಂಡತಿ ಮಕ್ಕಳಿದ್ದಾರೆ, ಅವನನ್ನೂ ಹೆದರಿಸಿದ್ದಾರೆ, ಅವನನ್ನು ತೂಗಲು ನಾನ್ಯಾರು. ಒಂದನ್ನೂ ಹೇಳಲು ಬಾಯಿ ಬರಲಿಲ್ಲ. ಎಂಜಿನಿಯರ್ ನನ್ನ ಪಾಲಿಗೆ ಬರೀ ಹೆಸರಾಗಿದ್ದ, ಯಾದಗಿರಿಯ ಹುಡುಗನ ಹೆಂಡತಿ ಅಲ್ಲಿಂದ ಆಟೋದಲ್ಲಿ ಹೋಗುವಷ್ಟು ಹತ್ತಿರದಲ್ಲಿ ಬಾಡಿಗೆ ಕೋಣೆಯಲ್ಲಿ ಕೂತಿದ್ದಳು. ದೂರದವನನ್ನು ಕ್ಷಮಿಸಲು ನನಗೆ ಏನೂ ಖರ್ಚಾಗಿರಲಿಲ್ಲ. ನಾನು ಅವನ ಕೈ ಹಿಡಿದುಕೊಳ್ಳಬೇಕಿತ್ತೋ ಏನೋ. ಹಿಡಿಯಲೂ ಆಗಲಿಲ್ಲ. ನೀರು ಕುಡಿದು ಎದ್ದು ಬಂದೆ.

ಈ ನಡುವೆ ಮೈಸೂರಿನ ಹುಡುಗಿ ತನ್ನ ಹಟ ಬಿಟ್ಟಿರಲಿಲ್ಲ. ಅವಳ ಕಂಪನಿಯ ಯುರೋಪಿನ ಕಚೇರಿಯಲ್ಲಿ ಅಲ್ಬೇನಿಯಾದವಳೊಬ್ಬಳು ಕೆಲಸ ಮಾಡುತ್ತಿದ್ದಳಂತೆ. ಅವಳ ತಂದೆಯ ಮನೆಯಲ್ಲಿ ಕಾದಂಬರಿಯ ಹಳೆಯ ಮುದ್ರಣವಿತ್ತು. ಆ ಹೆಣ್ಣುಮಗಳು ಪುಣ್ಯಕ್ಕೆ ಕೂತು, ಕಿತ್ತುಹಾಕಿದ ಅಧ್ಯಾಯವನ್ನು ತನಗೆ ತಿಳಿದ ಇಂಗ್ಲಿಷಿನಲ್ಲಿ ಪೂರ್ತಿ ಬರೆದು ಕಳಿಸಿದಳು. ಜೊತೆಗೆ ಒಂದು ಮಾತು ಸೇರಿಸಿದ್ದಳು: ತನ್ನ ಅಜ್ಜ ಆ ಪುಸ್ತಕವನ್ನು ಮನೆಯಿಂದ ಎಸೆಯಲೂ ಇಲ್ಲ, ಯಾರಿಗೂ ಓದಲು ಕೊಡಲೂ ಇಲ್ಲ.

ಓದುವ ಮೊದಲು ನನ್ನೊಳಗೆ ಒಂದು ಆಸೆ ಇತ್ತು. ಅದು ಕೆಟ್ಟದಾಗಿ ಬರೆದದ್ದಾಗಿರಲಿ, ಸರ್ಕಾರದ ಭಾಷಣದಂತೆ ಒಣಕಲಾಗಿರಲಿ. ಹಾಗಿದ್ದರೆ ಕೆಲಸ ಸುಲಭ. ಸುಳ್ಳು ಬರೆಯುವಾಗ ಅವನ ಪ್ರತಿಭೆಯೇ ಅವನನ್ನು ಬಿಟ್ಟುಹೋಯಿತು, ಉಳಿದ ಪುಸ್ತಕ ಸಾಚಾ ಎಂದುಬಿಡಬಹುದಿತ್ತು.

ಅಧ್ಯಾಯ ಚೆನ್ನಾಗಿತ್ತು. ಕಾದಂಬರಿಯಲ್ಲೇ ಎಲ್ಲಕ್ಕಿಂತ ಚೆನ್ನಾಗಿತ್ತು ಎನ್ನಬೇಕು. ಎಂಜಿನಿಯರನನ್ನು ಬಂಧಿಸಲು ಬಂದಾಗ ಅವನು ಮಗಳ ಹರಿದ ಬೂಟಿಗೆ ಹೊಲಿಗೆ ಹಾಕುತ್ತಿರುತ್ತಾನೆ. ಅವನ ಬೆರಳುಗಳು, ಉಗುರಿನ ಸಂದಿನ ಅದಿರಿನ ಪುಡಿ, ದಾರ ಕಡಿಯಲು ಬಾಗುವ ಕತ್ತು, ಎಲ್ಲವನ್ನೂ ಲೇಖಕ ಎಷ್ಟು ಪ್ರೀತಿಯಿಂದ ಬರೆದಿದ್ದನೆಂದರೆ, ಅದು ಆ ಮನೆಯಲ್ಲಿ ಎಷ್ಟೋ ಸಲ ಉಂಡವನಿಗೆ ಮಾತ್ರ ಸಾಧ್ಯ. ಅದೇ ಕೈಗಳು ತೊಲೆಗಳನ್ನು ಸಡಿಲಿಸಿದವು ಎಂದು ಓದುಗ ನಂಬಬೇಕು, ನಂಬುತ್ತಾನೆ. ಪ್ರೀತಿಯಿಂದ ಬರೆದದ್ದಕ್ಕೇ ನಂಬುತ್ತಾನೆ. ಡಬ್ಬಿ ಕೇಳಿದ ಹೆಂಗಸು ಆ ಅಧ್ಯಾಯದಲ್ಲಿ ಬಂದು ಎಂಜಿನಿಯರನ ಮುಖಕ್ಕೆ ಉಗುಳುತ್ತಾಳೆ. ನನ್ನ ಪಾತ್ರೆ ಸೀಯುವಂತೆ ಮಾಡಿದ ಹೆಂಗಸನ್ನು ಲೇಖಕ ಸಿದ್ಧಮಾಡಿಕೊಂಡು ಬಂದದ್ದು ಈ ಉಗುಳಿಗಾಗಿ. ಕೊನೆಯ ಅಧ್ಯಾಯ ಕಿತ್ತರೂ ಅವಳು ಅಲ್ಲಿಗೇ ನಡೆಯುತ್ತಿದ್ದವಳು. ಕನ್ನಡಕ್ಕೆ ತರುವಾಗ ಒಂದು ವಾಕ್ಯವೂ ತಡೆಯಲಿಲ್ಲ.

ಗೆಳೆಯನಿಗೆ ಹೇಗೋ ಸುದ್ದಿ ಮುಟ್ಟಿತ್ತು. ಒಂದು ದಿನ ಕಾಲೇಜು ಬಿಡುವ ಹೊತ್ತಿಗೆ ಗೇಟಿನ ಹತ್ತಿರ ನಿಂತಿದ್ದ. ಮನೆಗೆ ಕರೆದುಕೊಂಡು ಬಂದೆ. ನಮ್ಮ ಊಟದ ಮೇಜಿನ ಮುಂದೆ ಕೂತು ಇಡೀ ಅಧ್ಯಾಯ ಓದಿದ. ಹಿಂದೆಲ್ಲ ನನ್ನಿಂದ ಗಟ್ಟಿಯಾಗಿ ಓದಿಸುತ್ತಿದ್ದವನು ಅಂದು ಕೊಡ್ರಿ ಎಂದು ಕೈಚಾಚಿ ತಾನೇ ಓದಿದ.

"ಛಲೋ ಬರದಾನರಿ," ಎಂದ, ಹಾಳೆಗಳನ್ನು ಜೋಡಿಸುತ್ತ. "ಕೈ ನಡುಗಿಲ್ಲ ಅವಂದು. ನಂದೂ ನಡುಗಿಲ್ಲರಿ ಅಕ್ಕಾರ. ಆಫೀಸರ್ ಮುಂದ ನಾ ಭಾಳ ಸ್ವಚ್ಛ ಮಾತಾಡಿದೆ. ಆ ಹುಡುಗ ಒಳ್ಳೆಯವ ಇದ್ದ, ಶ್ಯಾಣ್ಯಾ ಇದ್ದ, ಅವತ್ತ ಯಾಕ ಹಂಗ ಮಾಡಿದ್ನೋ ಅಂದೆ. ಹಂಗ ಅಂದದ್ದಕ್ಕ ಅವರು ನನ್ನ ಮಾತು ನಂಬಿದ್ರು."

ಹಾಳೆಗಳನ್ನು ನನ್ನ ಕಡೆ ಸರಿಸಿ, "ಆ ಹುಡುಗನ ಹೇಂತಿ ಊರಿಗೆ ಹೊಂಟಾಳಂತ. ಆಕಿ ಕಡೆ ಹೋಗಬೇಕು. ನೀವು ಬರ್ರಿ," ಎಂದ.

ಆಕೆ ಇದ್ದದ್ದು ಗಾಜುಲರಾಮಾರಂನ ಸಾಲು ಕೋಣೆಗಳಲ್ಲಿ. ಮೂವತ್ತೂ ದಾಟಿರದ ಹೆಂಗಸು. ಪಾತ್ರೆಗಳನ್ನು ಸೀರೆಯಲ್ಲಿ ಗಂಟು ಕಟ್ಟುತ್ತಿದ್ದಳು. ಗೆಳೆಯನನ್ನು ಕಂಡು ಸೆರಗು ಹೊದ್ದು, "ಬರ್ರಿ ಅಣ್ಣಾರ," ಎಂದು ಚಾಪೆ ಹಾಸಿದಳು. ನಮ್ಮವರಿಗೆ ಕೆಲಸ ಕೊಡಿಸಿದವರು ಎಂಬ ಗೌರವ ಆ ಕರೆಯಲ್ಲಿ ಇನ್ನೂ ಇತ್ತು. ಅದು ನನಗೆ ಎಲ್ಲಕ್ಕಿಂತ ಹೆಚ್ಚು ಕಷ್ಟವಾಯಿತು.

ಅವನು ಕೂರಲಿಲ್ಲ. ಬಾಗಿಲ ಹತ್ತಿರ ನಿಂತೇ ಹೇಳಿದ. ವಾಲ್ವ್ ಕೆಟ್ಟಿದ್ದು, ಅವಳ ಗಂಡ ಬಂದು ಹೇಳಿದ್ದು, ತಾನು ನಡೆಸು ಅಂದದ್ದು, ವಿಚಾರಣೆಯಲ್ಲಿ ತಾನು ಆಡಿದ ಸುಳ್ಳು. ಸುತ್ತಿ ಬಳಸಿ ಹೇಳಲಿಲ್ಲ. ತನಗೂ ಮಕ್ಕಳಿದ್ದಾರೆ ಎಂದು ಹೇಳಲಿಲ್ಲ.

ಅವಳು ಗಂಟಿನ ಮೇಲೆ ಕೈಯಿಟ್ಟುಕೊಂಡೇ ಕೇಳಿಸಿಕೊಂಡಳು. ಬೈಯುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ ಎಂದು ನಾನು ಕಾದೆ. "ಕುಡದು ಮಾಡ್ಯಾನ ಅಂತ ನಮ್ಮತ್ತಿ ಮುಂದ ಊರಾಗ ಎಲ್ಲಾರೂ ಅಂದ್ರು," ಎಂದಳು. "ನಾನೂ ಅದನ್ನ ನಂಬೀನಿ. ಸತ್ತಾಂವನ ಮ್ಯಾಲ ಸಿಟ್ಟ್ ಮಾಡ್ಕೊಂಡ ಕುಂತೀನಿ ಇಷ್ಟ ದಿನ."

ಗೆಳೆಯ ಕೈಮುಗಿದ. ಅವಳು ಅತ್ತ ನೋಡಲಿಲ್ಲ.

"ನನ್ನ ಮುಂದ ಯಾಕ ಹೇಳ್ತೀರಿ? ನಿಮಗ ಹಗುರಾತು. ನಿಮ್ಮ ಎದೀ ಮ್ಯಾಲಿಂದು ತಂದು ನನ್ನ ತೆಲೀ ಮ್ಯಾಲ ಇಟ್ಟ್ರಿ. ಎಲ್ಲಿ ಸುಳ್ಳು ಹೇಳಿದ್ರಿ, ಅಲ್ಲಿ ಹೋಗಿ ಹೇಳ್ರಿ. ಇಲ್ಲಾಂದ್ರ ಇಲ್ಲಿಗೆ ಬರಬ್ಯಾಡ್ರಿ."

ಅಣ್ಣಾರ ಎಂಬ ಮಾತು ಆಮೇಲೆ ಅವಳ ಬಾಯಲ್ಲಿ ಬರಲಿಲ್ಲ.

ಅವನು ಹೋಗಿ ಹೇಳಿದ. ಹೇಳಿದ್ದರಿಂದ ದೊಡ್ಡದೇನೂ ಆಗಲಿಲ್ಲ ಎಂಬುದನ್ನೂ ಬರೆಯಬೇಕು. ವಿಚಾರಣೆ ಮುಗಿದಿದೆ, ಮೊದಲು ಹೇಳಿದ್ದು ನಿಜವೋ ಈಗ ಹೇಳುವುದು ನಿಜವೋ, ನಿನ್ನ ಮೇಲೇ ಕೇಸಾಗುತ್ತದೆ ಎಂದು ಕಚೇರಿಯಿಂದ ಕಚೇರಿಗೆ ಅಲೆಸಿದರು. ಅಪಘಾತದ ಆಘಾತದಿಂದ ಇವನ ಬುದ್ಧಿ ಸ್ಥಿಮಿತದಲ್ಲಿಲ್ಲ ಎಂದು ಕಂಪನಿ ತಿಳಿಸಿತು, ಕೆಲಸದಿಂದ ತೆಗೆಯಿತು. ನಾನೂರು ಮನೆಗಳ ಮಾತು ಬರೀ ಬೆದರಿಕೆಯಾಗಿತ್ತು. ಕಾರ್ಖಾನೆ ಬೇರೆ ಶೆಡ್ಡಿನಲ್ಲಿ ಹೊಸ ರಿಯಾಕ್ಟರ್ ಹಾಕಿಕೊಂಡು ನಡೆಯಿತು. ಜೊತೆಯಲ್ಲಿ ದುಡಿದವರು ಬೀದಿಯಲ್ಲಿ ಕಂಡರೆ ಆಚೆ ಬದಿಗೆ ದಾಟುತ್ತಿದ್ದರು. ಅವನ ಹೆಂಡತಿ ಕೆಲವು ತಿಂಗಳು ಅವನೊಂದಿಗೆ ಮಾತು ಬಿಟ್ಟಳು. ಸುಳ್ಳು ಹೇಳಿದ್ದಕ್ಕೋ, ನಿಜ ಹೇಳಿದ್ದಕ್ಕೋ, ನಾನು ಕೇಳಲಿಲ್ಲ. ಈಗ ಅವನು ಮೇಡ್ಚಲ್ ಕಡೆ ನೀರು ಶುದ್ಧಮಾಡುವ ಒಂದು ಸಣ್ಣ ಘಟಕದಲ್ಲಿದ್ದಾನೆ.

ಪುಸ್ತಕ ನನ್ನ ಮೇಜಿನ ಮೇಲೆ ಒಂದು ವರ್ಷ ಬಿದ್ದಿತ್ತು. ಸುಡಲಿಲ್ಲ. ಕಲಬುರಗಿಯ ಪ್ರಕಾಶಕರೊಬ್ಬರು ಕೇಳಿದಾಗ, ಕಿತ್ತುಹಾಕಿದ ಅಧ್ಯಾಯವನ್ನೂ ಸೇರಿಸಿ, ಅದರ ಹಿನ್ನೆಲೆಯನ್ನು ಮುನ್ನುಡಿಯಲ್ಲಿ ಬಿಡದೆ ಹೇಳುವುದಾದರೆ ಮಾತ್ರ ಕೊಡುತ್ತೇನೆ ಎಂದೆ. "ಇಂಥಾ ಚಂದ ಕಥಿಗೆ ಬಾಲ ಯಾಕ್ರಿ ಮೇಡಂ?" ಎಂದು ಅವರು ಗೊಣಗಿದರು. ಆಮೇಲೆ ಒಪ್ಪಿದರು. ಲೇಖಕ ಅಡಗಿಸಿದ್ದನ್ನು ಅವನ ಮಾತಿನಲ್ಲೇ ಓದುಗರ ಮುಂದಿಡುವುದು ಅವನಿಗೆ ನಾನು ಕೊಡಬಹುದಾದ ನ್ಯಾಯ ಎಂದುಕೊಂಡೆ. ಅನುಮತಿಗಾಗಿ ಲೇಖಕನ ಮನೆಯವರನ್ನು ಕೇಳಿದರೆ ಮೂರು ಸಾಲಿನ ಉತ್ತರ ಬಂತು: ಮುದ್ರಿಸಿಕೊಳ್ಳಿ, ಆ ಕಾಲದ ಬಗ್ಗೆ ನಮ್ಮನ್ನು ಏನೂ ಕೇಳಬೇಡಿ.

ಮೈಸೂರಿನ ಹುಡುಗಿ ಕೊನೆಯವರೆಗೂ ಒಪ್ಪಲಿಲ್ಲ. "ಅವ್ನಿಗೆ ಎರಡೆರಡು ಸಲ ಓದುಗರನ್ನ ಕೊಡ್ತಿದೀರ ಆಂಟಿ. ಆ ಎಂಜಿನಿಯರ್‌ಗೆ ಯಾರು ಪುಸ್ತಕ ಬರೀತಾರೆ?" ಎಂದಳು. ಬಿಡುಗಡೆಗೆ ಬರಲಿಲ್ಲ. ಆದರೆ ಗೆಳೆಯ ಕಚೇರಿಗಳಿಗೆ ಅಲೆಯುತ್ತಿದ್ದ ದಿನಗಳಲ್ಲಿ ರಜೆ ಹಾಕಿ ಅವನೊಂದಿಗೆ ಹೋದವಳು ಅವಳೊಬ್ಬಳೇ. ಲೇಖಕನನ್ನು ಕ್ಷಮಿಸದವಳು ಇವನೊಂದಿಗೆ ಹೇಗೆ ಎಂದು ಕೇಳಿದ್ದೆ. "ಇವ್ರನ್ನೂ ಕ್ಷಮಿಸಿಲ್ಲ. ಇವ್ರು ಬದುಕಿದಾರೆ, ಹೋಗಿ ಹೇಳ್ತಿದಾರೆ. ಅದಕ್ಕೆ ಜೊತೆಗೆ ಹೋಗ್ತಿದೀನಿ," ಎಂದಿದ್ದಳು.

ಪುಸ್ತಕದ ಬಗ್ಗೆ ಒಂದೆರಡು ಕಡೆ ಬರೆದರು. ಗಣಿಯ ಭಾಗ ಅದ್ಭುತ, ಕೊನೆಯ ಅಧ್ಯಾಯ ಕೈಬಿಡಬಹುದಿತ್ತು ಎಂದರು. ಅದು ಒಳ್ಳೆಯ ಪುಸ್ತಕವೇ ಎಂದು ಇವತ್ತಿಗೂ ಯಾರಾದರೂ ಕೇಳಿದರೆ ಹೌದು ಎನ್ನುತ್ತೇನೆ. ಆ ಹೌದು ಹೇಳುವಾಗ ಪ್ರತಿಸಲ ಒಂದು ಮನೆಯಲ್ಲಿ ಬೂಟು ಹೊಲಿಯುತ್ತ ಕೂತ ಮನುಷ್ಯ ಕಣ್ಣ ಮುಂದೆ ಬರುತ್ತಾನೆ. ಅವನು ಹಾಗೆ ಕೂತಿದ್ದ ಎಂಬುದು ನನಗೆ ತಿಳಿದದ್ದು ಅವನನ್ನು ಕೊಲ್ಲಿಸಿದವನಿಂದ. ಬೇರೆ ಯಾರೂ ಬರೆದಿಟ್ಟಿಲ್ಲ.

ಯಾದಗಿರಿಯ ಹೆಂಗಸು ಕಂಪನಿಯ ಮೇಲೆ ಹಾಕಿದ ದಾವೆ ಈಗ ಇಲ್ಲಿಯ ಕೋರ್ಟಿನಲ್ಲಿದೆ. ಹೋದ ಸಲ ಅವಳು ಊರಿಂದ ಬಂದಿದ್ದಳು. ಗೆಳೆಯನ ಸಾಕ್ಷಿ ಇತ್ತು, ನಾನೂ ಜೊತೆಗೆ ಹೋಗಿದ್ದೆ. ಕಾರಿಡಾರಿನ ಉದ್ದನೆಯ ಬೆಂಚಿನ ಒಂದು ತುದಿಯಲ್ಲಿ ಅವಳು, ಇನ್ನೊಂದು ತುದಿಯಲ್ಲಿ ಅವನು, ನಡುವೆ ನಾನು. ಮಧ್ಯಾಹ್ನದ ತನಕ ಕಾದೆವು. ಕಂಪನಿಯ ವಕೀಲರು ಬಂದಿರಲಿಲ್ಲ, ಮುಂದಿನ ತಾರೀಖು ಕೊಟ್ಟರು. ಅವಳು ಎದ್ದು ಚೀಲ ಹೆಗಲಿಗೇರಿಸಿಕೊಂಡು, ಯಾದಗಿರಿಯ ಬಸ್ಸು ಎಲ್ಲಿ ಸಿಗುತ್ತದೆ ಎಂದು ನನ್ನನ್ನು ಕೇಳಿದಳು. ಹೇಳಿದೆ. ಗೆಳೆಯ ಎದ್ದು ನಿಂತಿದ್ದ. ಅವಳು ಅವನ ಮುಂದೆಯೇ ಹಾದು ಮೆಟ್ಟಿಲಿಳಿದು ಹೋದಳು.